ಒಂದು ಕಂಪ್ಯೂಟರ್, ಮೂರು ಪರದೆ: ಸ್ಪ್ಲಿಟರ್ ಜೋಡಿಸುವ ಬಗೆ

ರಾಯಚೂರಿನ ರಾಜೇಂದ್ರ ಗಂಜ್‌ನ ಒಂದು ಅಡತ್ ಅಂಗಡಿಯವರು ಹತ್ತಿಯ ಸುಗ್ಗಿಯಲ್ಲಿ ಒಮ್ಮೆ ನನ್ನನ್ನು ಕರೆಸಿದ್ದರು. ಗುಮಾಸ್ತರ ಮೇಜಿನ ಮೇಲೆ ಡೆಸ್ಕ್‌ಟಾಪ್ ಕಂಪ್ಯೂಟರ್ ಮತ್ತು ಅದರ ಮಾನಿಟರ್, ಒಳಗಿನ ಗೋಡೆಗೆ ಒಂದು ಟಿವಿ, ರೈತರು ಕುಳಿತುಕೊಳ್ಳುವ ಹೊರಕಟ್ಟೆಯ ಮೇಲೆ ಇನ್ನೊಂದು ಟಿವಿ ಇದ್ದವು. ಮೂರನ್ನೂ ಒಂದೇ ಕಂಪ್ಯೂಟರಿಗೆ ಜೋಡಿಸಲೆಂದು ನಾಲ್ಕು ಔಟ್‌ಪುಟ್‌ಗಳಿರುವ ಎಚ್‌ಡಿಎಂಐ (ಚಿತ್ರವನ್ನೂ ಧ್ವನಿಯನ್ನೂ ಒಂದೇ ಕೇಬಲ್‌ನಲ್ಲಿ ಒಯ್ಯುವ ಪದ್ಧತಿ) ಸ್ಪ್ಲಿಟರ್ ಒಂದನ್ನು ಅವರೇ ತಂದು, ಅವರೇ ಜೋಡಿಸಿದ್ದರು. ಮೂರೂ ಪರದೆಗಳು ಹೊತ್ತಿಕೊಂಡಿದ್ದವು, ಚಿತ್ರವೂ ಸ್ವಚ್ಛವಾಗಿತ್ತು. ಆದರೂ ಸಾವ್ಕಾರರು ಚಡಪಡಿಸುತ್ತಿದ್ದರು. "ಗುಮಾಸ್ತನ ಮುಂದ ಲೆಕ್ಕ ಬರಬೇಕ್ರಿ, ಟಿವಿಯಾಗ ಬರೇ ದರ ಬರಬೇಕು. ಈಗ ನೋಡಿದ್ರ ಯಾರ್‍ಯಾರ ಬಾಕಿ ಎಷ್ಟದ ಅನ್ನೋದು ಕಟ್ಟಿ ಮ್ಯಾಲ ಕುಂತೋರಿಗೆಲ್ಲ ಕಾಣಕತ್ತದ" ಎಂದರು. ಹೊರಗೆ ಹೋಗಿ ನೋಡಿದರೆ, ಅಂಗಡಿಯ ಖಾತೆಯ ಪುಟ ಟಿವಿಯ ತುಂಬ ಹರಡಿಕೊಂಡಿತ್ತು. ನಾಲ್ಕೈದು ಜನ ಅದನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು.

ಸ್ಪ್ಲಿಟರಿನಲ್ಲಿ ಯಾವ ದೋಷವೂ ಇರಲಿಲ್ಲ. ಅದು ಮಾಡಬೇಕಾದ ಕೆಲಸವನ್ನೇ ಮಾಡುತ್ತಿತ್ತು. ಹೆಸರಿನಲ್ಲಿ ವಿಭಜಿಸುವ ಅರ್ಥವಿದ್ದರೂ ಈ ಉಪಕರಣ ಏನನ್ನೂ ವಿಭಜಿಸುವುದಿಲ್ಲ. ಕಂಪ್ಯೂಟರಿನಿಂದ ಬಂದ ಒಂದು ಚಿತ್ರವನ್ನು ನಕಲು ಮಾಡಿ ಎಲ್ಲ ಔಟ್‌ಪುಟ್‌ಗಳಿಗೂ ಒಂದೇ ರೀತಿ ಕಳುಹಿಸುತ್ತದೆ. ಕಂಪ್ಯೂಟರಿನ ಮಟ್ಟಿಗೆ ಸ್ಪ್ಲಿಟರಿನ ಆಚೆ ಎರಡು ಟಿವಿ ಇದ್ದರೂ ಎಂಟು ಟಿವಿ ಇದ್ದರೂ ಅಲ್ಲಿರುವುದು ಒಂದೇ ಮಾನಿಟರ್. ಆದ್ದರಿಂದ ಹಣ ಖರ್ಚು ಮಾಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ನಮಗೆ ಬೇಕಿರುವುದು ಹಲವು ಕಡೆ ಒಂದೇ ಚಿತ್ರವೋ, ಅಥವಾ ಒಂದೊಂದು ಕಡೆ ಒಂದೊಂದು ಚಿತ್ರವೋ? ಟ್ಯೂಷನ್ ಕೋಣೆಯ ಹಿಂದಿನ ಬೆಂಚಿನವರಿಗೂ ಪಾಠ ಕಾಣಬೇಕು, ಕಲ್ಯಾಣ ಮಂಟಪದ ಊಟದ ಹಾಲಿನಲ್ಲೂ ಅಕ್ಷತೆ ಕಾಣಬೇಕು ಎನ್ನುವಂತಹ ಕಡೆ ಸ್ಪ್ಲಿಟರ್ ಸರಿಯಾದ ಉತ್ತರ. ಬೇರೆ ಬೇರೆ ಚಿತ್ರ ಬೇಕಾದರೆ ಪ್ರತಿಯೊಂದು ಚಿತ್ರಕ್ಕೂ ಕಂಪ್ಯೂಟರಿನಿಂದಲೇ ಪ್ರತ್ಯೇಕ ಔಟ್‌ಪುಟ್ ಹೊರಡಬೇಕು.

ಗಂಜ್‌ನ ಅಂಗಡಿಗೆ ಬೇಕಿದ್ದುದು ಇವೆರಡರ ಮಿಶ್ರಣ, ಮತ್ತು ನನ್ನ ಅನುಭವದಲ್ಲಿ ಬಹುತೇಕ ಅಂಗಡಿ, ಕಚೇರಿಗಳಿಗೆ ಬೇಕಾಗುವುದೂ ಅದೇ. ಡೆಸ್ಕ್‌ಟಾಪಿನ ಹಿಂಭಾಗದಲ್ಲಿ ಎಚ್‌ಡಿಎಂಐ ಪೋರ್ಟಿನ ಪಕ್ಕದಲ್ಲೇ ನೀಲಿ ಬಣ್ಣದ, ಹದಿನೈದು ರಂಧ್ರಗಳ ವಿಜಿಎ ಪೋರ್ಟ್ ಧೂಳು ಹಿಡಿದು ಖಾಲಿ ಕುಳಿತಿತ್ತು. ಗುಮಾಸ್ತರ ಮಾನಿಟರನ್ನು ಸ್ಪ್ಲಿಟರಿನಿಂದ ಬಿಡಿಸಿ ಹಳೆಯ ವಿಜಿಎ ಕೇಬಲ್‌ನಿಂದ ಆ ಪೋರ್ಟಿಗೆ ಸೇರಿಸಿ, ಎಚ್‌ಡಿಎಂಐ ಪೋರ್ಟನ್ನು ಸ್ಪ್ಲಿಟರಿಗೂ, ಸ್ಪ್ಲಿಟರನ್ನು ಎರಡು ಟಿವಿಗಳಿಗೂ ಬಿಟ್ಟುಕೊಟ್ಟೆ. ಈಗ ಕಂಪ್ಯೂಟರಿಗೆ ಕಾಣುವುದು ಎರಡು ಪರದೆಗಳು: ಒಂದು ಗುಮಾಸ್ತರದು, ಇನ್ನೊಂದು ಟಿವಿಗಳ ಜೋಡಿ. ವಿಂಡೋಸ್ ಕೀ ಒತ್ತಿಹಿಡಿದು ಪಿ ಒತ್ತಿದರೆ ಬಲಬದಿಯಲ್ಲಿ ನಾಲ್ಕು ಆಯ್ಕೆಗಳು ಬರುತ್ತವೆ. ಅವುಗಳಲ್ಲಿ ಡೂಪ್ಲಿಕೇಟ್ ಎಂದರೆ ಎರಡರಲ್ಲೂ ಒಂದೇ ಚಿತ್ರ, ಎಕ್ಸ್‌ಟೆಂಡ್ ಎಂದರೆ ಒಂದರ ಪಕ್ಕಕ್ಕೆ ಇನ್ನೊಂದು. ಎಕ್ಸ್‌ಟೆಂಡ್ ಆರಿಸಿ, ದರದ ಪಟ್ಟಿಯ ಕಿಟಕಿಯನ್ನು ಮೌಸ್‌ನಿಂದ ಎಳೆದು ಪಕ್ಕದ ಪರದೆಗೆ ಕಳಿಸಿದೊಡನೆ ಕಟ್ಟೆಯ ಮೇಲಿನ ಓದುಗರಿಗೆ ಖಾತೆ ಮಾಯವಾಗಿ ದರ ಕಂಡಿತು. ಹೊಸದಾಗಿ ಖರೀದಿಸಬೇಕಾದದ್ದು ಏನೂ ಇರಲಿಲ್ಲ.

ಲ್ಯಾಪ್‌ಟಾಪ್ ಇದ್ದವರಿಗೆ ಇದು ಇನ್ನೂ ಸುಲಭ, ಏಕೆಂದರೆ ಲ್ಯಾಪ್‌ಟಾಪಿನ ಸ್ವಂತ ಪರದೆಯೇ ಮೊದಲನೆಯದಾಗುತ್ತದೆ. ಡೆಸ್ಕ್‌ಟಾಪಿನಲ್ಲಿ ಮಾತ್ರ ಒಂದು ಎಚ್ಚರಿಕೆ ಅಗತ್ಯ: ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಕೇಬಲನ್ನು ಅದರ ಪೋರ್ಟಿಗೇ ಚುಚ್ಚಬೇಕು. ಮೇಲ್ಭಾಗದಲ್ಲಿ ಯುಎಸ್‌ಬಿ ಪೋರ್ಟ್‌ಗಳ ಜೊತೆ ಇರುವುದು ಮದರ್‌ಬೋರ್ಡಿನ ಪೋರ್ಟ್; ಕೆಳಗೆ ಅಡ್ಡಲಾಗಿ ಇರುವುದು ಕಾರ್ಡಿನದು. ಕಾರ್ಡ್ ಇರುವ ಅನೇಕ ಯಂತ್ರಗಳಲ್ಲಿ ಮದರ್‌ಬೋರ್ಡಿನ ಪೋರ್ಟಿನಿಂದ ಚಿತ್ರವೇ ಬರುವುದಿಲ್ಲ, ಅದನ್ನು ಕಂಡು ಮಾನಿಟರ್ ಕೆಟ್ಟಿದೆ ಎಂದು ದುರಸ್ತಿಗೆ ಒಯ್ದವರೂ ಇದ್ದಾರೆ.

ಈಗ ಖರೀದಿಯ ವಿಷಯ. ಅಂಗಡಿಯಲ್ಲಿ ನೋಡಲು ಒಂದೇ ತೆರನಾದ ಎರಡು ಡಬ್ಬಿಗಳು ಸಿಗುತ್ತವೆ. ಒಂದು ಇನ್‌ಪುಟ್, ಹಲವು ಔಟ್‌ಪುಟ್ ಇರುವುದು ಸ್ಪ್ಲಿಟರ್. ಹಲವು ಇನ್‌ಪುಟ್, ಒಂದು ಔಟ್‌ಪುಟ್ ಇರುವುದು ಸ್ವಿಚ್, ಅಂದರೆ ಸೆಟ್‌ಟಾಪ್ ಬಾಕ್ಸ್, ಕಂಪ್ಯೂಟರ್ ಮುಂತಾದವುಗಳನ್ನು ಸರದಿಯ ಮೇಲೆ ಒಂದೇ ಟಿವಿಗೆ ತೋರಿಸುವ ಸಾಧನ. ಇವೆರಡರ ನಡುವೆ ಗೊಂದಲ ಹುಟ್ಟಿಸುವ ಮೂರನೆಯದೊಂದಿದೆ: ಬೈ-ಡೈರೆಕ್ಷನಲ್ ಎಂದು ಬರೆದ, ಮೇಲೆ ಒಂದು ಗುಂಡಿ ಇರುವ ಅಗ್ಗದ ಡಬ್ಬಿ. ಅದನ್ನು ತಿರುಗಿಸಿ ಜೋಡಿಸಿದರೆ ಎರಡು ಔಟ್‌ಪುಟ್ ಇರುವಂತೆ ತೋರುತ್ತದೆ, ಆದರೆ ಒಮ್ಮೆಗೆ ಒಂದಕ್ಕೆ ಮಾತ್ರ ಚಿತ್ರ ಹೋಗುತ್ತದೆ. ಇನ್ನೊಂದಕ್ಕೆ ಬೇಕೆಂದರೆ ಗುಂಡಿ ಒತ್ತಬೇಕು. ಗುಂಡಿ ಕಂಡರೆ ಅದು ಸ್ಪ್ಲಿಟರ್ ಅಲ್ಲವೆಂದು ಸಂಶಯಪಡುವುದು ಒಳ್ಳೆಯದು.

ವಿದ್ಯುತ್ ಅಡಾಪ್ಟರ್ ಇಲ್ಲದ, ವೈ ಆಕಾರದ ಬರೀ ಕೇಬಲನ್ನು ಎಚ್‌ಡಿಎಂಐಗೆ ಕೊಳ್ಳಲೇಬಾರದು. ಹಳೆಯ ವಿಜಿಎ ಕಾಲದಲ್ಲಿ ಅಂತಹ ಕೇಬಲ್ ಹೇಗೋ ಕೆಲಸ ಮಾಡುತ್ತಿತ್ತು, ಏಕೆಂದರೆ 1987ರಲ್ಲಿ ಐಬಿಎಂ ಕಂಪನಿ ಹೊರತಂದ ಆ ಪದ್ಧತಿಯಲ್ಲಿ ಚಿತ್ರ ಹರಿಯುವುದು ಸುಮಾರು 0.7 ವೋಲ್ಟ್‌ಗಳೊಳಗಿನ ಅನಲಾಗ್ ಸಂಕೇತವಾಗಿ. ಎರಡು ಮಾನಿಟರ್‌ಗಳು ಅದನ್ನೇ ಹಂಚಿಕೊಂಡಾಗ ಎರಡರಲ್ಲೂ ಚಿತ್ರ ಮಂಕಾಗುತ್ತಿತ್ತು, ಅಷ್ಟೇ. ಎಚ್‌ಡಿಎಂಐನಲ್ಲಿ ಹಾಗಲ್ಲ; ಅಲ್ಲಿ ಕಂಪ್ಯೂಟರ್ ಮತ್ತು ಟಿವಿ ಎರಡೂ ಪರಸ್ಪರ ಮಾತನಾಡಿಕೊಳ್ಳುತ್ತವೆ, ಆ ಮಾತುಕತೆಯ ತಂತಿಯಲ್ಲಿ ಎರಡು ಟಿವಿಗಳು ಒಟ್ಟಿಗೆ ಉತ್ತರಿಸಲು ಹೊರಟರೆ ಕಂಪ್ಯೂಟರಿಗೆ ಏನೂ ತಿಳಿಯುವುದಿಲ್ಲ. ಸ್ಪ್ಲಿಟರಿನ ಒಳಗೆ ಸಂಕೇತವನ್ನು ಮತ್ತೆ ಹೊಸದಾಗಿ ಕಟ್ಟಿ ಕಳಿಸುವ ಚಿಪ್ ಇರಬೇಕು, ಚಿಪ್‌ಗೆ ವಿದ್ಯುತ್ ಬೇಕು. ಎಚ್‌ಡಿಎಂಐ ಪೋರ್ಟಿನ 18ನೇ ಪಿನ್‌ನಲ್ಲಿ 5 ವೋಲ್ಟ್ ಬರುವುದು ನಿಜ. ಆದರೆ ಅಲ್ಲಿ ಖಾತರಿಯಾಗಿ ಸಿಗುವುದು 55 ಮಿಲಿಆಂಪ್ ಮಾತ್ರ. ಅದನ್ನೇ ನಂಬಿದ ಸ್ಪ್ಲಿಟರ್ ಒಂದು ಕಂಪ್ಯೂಟರಿನಲ್ಲಿ ನಡೆದು ಇನ್ನೊಂದರಲ್ಲಿ ನಿಲ್ಲುತ್ತದೆ. ಆದ್ದರಿಂದ ಜೊತೆಗೆ 5 ವೋಲ್ಟ್‌ನ ಸ್ವಂತ ಅಡಾಪ್ಟರ್ ಬರುವಂಥದ್ದನ್ನೇ ಆರಿಸಿಕೊಳ್ಳಬೇಕು.

ಪೆಟ್ಟಿಗೆಯ ಮೇಲೆ ಓದಬೇಕಾದ ಇನ್ನೊಂದು ಸಂಗತಿ ಆವೃತ್ತಿ. ಎಚ್‌ಡಿಎಂಐ 1.4 ಆವೃತ್ತಿ ಸೆಕೆಂಡಿಗೆ 10.2 ಗಿಗಾಬಿಟ್ ಸಾಗಿಸಬಲ್ಲದು, 2.0 ಆವೃತ್ತಿ 18 ಗಿಗಾಬಿಟ್. 1920×1080 ರೆಸಲ್ಯೂಷನ್‌ನಲ್ಲಿ (ಪರದೆಯ ಅಡ್ಡ ಮತ್ತು ಲಂಬ ಚುಕ್ಕೆಗಳ ಎಣಿಕೆ) ಸೆಕೆಂಡಿಗೆ 60 ಚಿತ್ರಗಳನ್ನು ಕಳಿಸಲು ಬೇಕಾಗುವುದು ಸುಮಾರು 4.5 ಗಿಗಾಬಿಟ್ ಮಾತ್ರ, ಹಾಗಾಗಿ ಫುಲ್ ಎಚ್‌ಡಿ ಟಿವಿಗಳಿಗೆ 1.4 ಧಾರಾಳವಾಗಿ ಸಾಕು. 4ಕೆ ಟಿವಿಗೆ 1.4ರ ಸ್ಪ್ಲಿಟರ್ ಹಾಕಿದರೂ ಚಿತ್ರ ಬರುತ್ತದೆ, ಆದರೆ ಸೆಕೆಂಡಿಗೆ 30ರ ಮಿತಿಯಲ್ಲಿ. ಮೌಸ್‌ನ ಬಾಣ ಕುಂಟುತ್ತಾ ಓಡಾಡುವುದು ಬರಿಗಣ್ಣಿಗೇ ತಿಳಿಯುತ್ತದೆ. ದರದ ಪಟ್ಟಿಗೆ, ಪಾಠಕ್ಕೆ 4ಕೆ ಏಕೆ ಬೇಕೆಂಬುದು ನನಗಂತೂ ತಿಳಿದಿಲ್ಲ. ಆ ಹಣವನ್ನು ಒಳ್ಳೆಯ ಕೇಬಲ್‌ಗೆ ಹಾಕುವುದು ಮೇಲು.

ಕೇಬಲ್‌ನ ಉದ್ದವನ್ನು ಕಣ್ಣಂದಾಜಿನಲ್ಲಿ ಹೇಳಬಾರದು. ಕಂಪ್ಯೂಟರಿನಿಂದ ಗೋಡೆಯವರೆಗೆ, ಗೋಡೆಯ ಮೇಲಕ್ಕೆ, ಬಾಗಿಲ ಚೌಕಟ್ಟಿನ ಮೇಲೆ ಹಾದು ಹೊರಗೆ, ಹೀಗೆ ಕೇಬಲ್ ನಿಜವಾಗಿ ಸಾಗುವ ದಾರಿಯಲ್ಲೇ ಹುರಿ ಹಿಡಿದು ಅಳೆದು, ಎರಡೂ ತುದಿಯಲ್ಲಿ ಅರ್ಧ ಮೀಟರ್ ಸಡಿಲಕ್ಕೆ ಸೇರಿಸಬೇಕು. ಸಾಮಾನ್ಯ ತಾಮ್ರದ ಎಚ್‌ಡಿಎಂಐ ಕೇಬಲ್ ಫುಲ್ ಎಚ್‌ಡಿ ಚಿತ್ರವನ್ನು 10 ಮೀಟರ್‌ವರೆಗೆ ನೆಮ್ಮದಿಯಿಂದ ಒಯ್ಯುತ್ತದೆ. ತಂತಿ ದಪ್ಪವಾಗಿದ್ದರೆ 15 ಮೀಟರ್ ಎನ್ನಬಹುದು. ದೂರ ಹೆಚ್ಚಿದಷ್ಟೂ ತಲುಪುವುದು ಕಡಿಮೆ ಎಂಬುದನ್ನು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇಲ್ಲಿ ಒಂದು ವ್ಯತ್ಯಾಸವಿದೆ. ಕಾಲುವೆಯ ನೀರು ಹಂತಹಂತವಾಗಿ ಸಣ್ಣದಾಗುತ್ತದೆ, ಡಿಜಿಟಲ್ ಚಿತ್ರ ಹಾಗೆ ಸೊರಗುವುದಿಲ್ಲ. ಒಂದು ಹಂತದವರೆಗೆ ಪೂರ್ತಿ ಸ್ವಚ್ಛವಾಗಿದ್ದು, ಆಮೇಲೆ ಅಲ್ಲಲ್ಲಿ ಬಿಳಿ ಚುಕ್ಕೆಗಳು ಮಿಣುಕಿ, ಇನ್ನೊಂದು ಮೀಟರ್ ದಾಟಿದರೆ ಪರದೆಯೇ ಕಪ್ಪಾಗುತ್ತದೆ. ಆ ಮಿಣುಕುವ ಚುಕ್ಕೆಗಳು ಕಂಡರೆ ಕೇಬಲ್ ತನ್ನ ಮಿತಿಗೆ ಬಂದಿದೆ ಎಂದು ಅರ್ಥ.

ಅದಕ್ಕಿಂತ ದೂರಕ್ಕೆ ಎಕ್ಸ್‌ಟೆಂಡರ್ ಎಂಬ ಜೋಡಿ ಡಬ್ಬಿಗಳಿವೆ. ಒಂದು ಸ್ಪ್ಲಿಟರಿನ ಬಳಿ, ಇನ್ನೊಂದು ಟಿವಿಯ ಬಳಿ, ನಡುವೆ ಇಂಟರ್‌ನೆಟ್‌ಗೆ ಬಳಸುವ ಕ್ಯಾಟ್-6 ಕೇಬಲ್. ಕೇಬಲ್ ಶುದ್ಧ ತಾಮ್ರದ್ದಾಗಿರಬೇಕು. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್‌ನಿಂದ ಹೇಳಿದ ದೂರ ಸಿಗುವುದಿಲ್ಲ. ಸಾಮಾನ್ಯ ಎಕ್ಸ್‌ಟೆಂಡರುಗಳ ಕೇಬಲ್ ಡಬ್ಬಿಯಿಂದ ಡಬ್ಬಿಗೆ ನೇರವಾಗಿ ಹೋಗಬೇಕೇ ಹೊರತು ಮಧ್ಯೆ ರೂಟರ್ ಅಥವಾ ನೆಟ್‌ವರ್ಕ್ ಸ್ವಿಚ್ ಬರಬಾರದು.

ಜೋಡಣೆಯ ದಿನ ಎಲ್ಲವನ್ನೂ ಆರಿಸಿ, ಪ್ಲಗ್‌ಗಳನ್ನು ಗೋಡೆಯಿಂದ ಕಿತ್ತಿಟ್ಟೇ ಕೆಲಸ ಶುರುಮಾಡಬೇಕು. ಇದು ಬರೀ ಶಿಸ್ತಿನ ಮಾತಲ್ಲ. ನಮ್ಮ ಕಡೆಯ ಹಳೆಯ ಕಟ್ಟಡಗಳಲ್ಲಿ ಮೂರು ಪಿನ್‌ನ ಸಾಕೆಟ್ ಇದ್ದರೂ ಅದರ ಅರ್ಥಿಂಗ್ ತಂತಿ ಎಲ್ಲಿಗೂ ಹೋಗಿರದೆ ಇರುವುದುಂಟು. ಅಂತಹ ಕಡೆ ಟಿವಿಯ ಲೋಹದ ಭಾಗ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಆ ಜುಮ್ಮೆನ್ನುವ ವಿದ್ಯುತ್ತು ಎಚ್‌ಡಿಎಂಐ ಕೇಬಲ್‌ನ ಹೊರಕವಚದ ಮೂಲಕ ಕಂಪ್ಯೂಟರಿನವರೆಗೂ ಬರಬಲ್ಲದು, ಚಾಲೂ ಇರುವಾಗ ಕೇಬಲ್ ಚುಚ್ಚಿದರೆ ತುದಿಯಲ್ಲಿ ಸಣ್ಣ ಕಿಡಿ ಹಾರಿ ಪೋರ್ಟ್ ಸತ್ತುಹೋಗಬಲ್ಲದು. ಹಾಗೆ ಜುಮ್ಮೆಂದರೆ ಮೊದಲು ವೈರ್‌ಮನ್ ಕರೆಸಿ ಅರ್ಥಿಂಗ್ ಸರಿಪಡಿಸಬೇಕು, ಸ್ಪ್ಲಿಟರ್ ಆಮೇಲೆ. ಸಾಧ್ಯವಾದ ಮಟ್ಟಿಗೆ ಕಂಪ್ಯೂಟರ್, ಸ್ಪ್ಲಿಟರ್, ಟಿವಿ ಎಲ್ಲಕ್ಕೂ ಒಂದೇ ಬೋರ್ಡಿನಿಂದ ವಿದ್ಯುತ್ ಕೊಡುವುದು ಲೇಸು.

ನಂತರದ ಕೆಲಸ ಹತ್ತು ನಿಮಿಷದ್ದು. ಮೊದಲು ಸ್ಪ್ಲಿಟರಿನ ಔಟ್‌ಪುಟ್‌ಗಳಿಂದ ಟಿವಿಗಳಿಗೆ ಕೇಬಲ್ ಎಳೆದು, ಟಿವಿಯ ಯಾವ ಸಂಖ್ಯೆಯ ಎಚ್‌ಡಿಎಂಐ ಪೋರ್ಟಿಗೆ ಚುಚ್ಚಿದ್ದೇವೆ ಎಂಬುದನ್ನು ಗುರುತಿಟ್ಟುಕೊಳ್ಳಬೇಕು. ಅನಂತರ ಕಂಪ್ಯೂಟರಿನಿಂದ ಸ್ಪ್ಲಿಟರಿನ ಇನ್‌ಪುಟ್‌ಗೆ ಕೇಬಲ್. ಈಗ ಪ್ಲಗ್‌ಗಳನ್ನು ಸೇರಿಸಿ, ಟಿವಿಗಳನ್ನು ಹೊತ್ತಿಸಿ ರಿಮೋಟ್‌ನಿಂದ ಅದೇ ಎಚ್‌ಡಿಎಂಐ ಸಂಖ್ಯೆಗೆ ತಂದು, ಸ್ಪ್ಲಿಟರಿನ ಅಡಾಪ್ಟರ್ ಚಾಲೂ ಮಾಡಿ, ಕೊನೆಯಲ್ಲಿ ಕಂಪ್ಯೂಟರನ್ನು ಏಳಿಸಬೇಕು. ಕಂಪ್ಯೂಟರ್ ಏಳುವಾಗ ಎದುರಿಗೆ ಟಿವಿ ಎಚ್ಚರವಾಗಿದ್ದರೆ ಅರ್ಧಕ್ಕರ್ಧ ತೊಂದರೆ ಹುಟ್ಟುವುದೇ ಇಲ್ಲ.

ಉಳಿದರ್ಧ ತೊಂದರೆಯ ಮೂಲ ಸಾಮಾನ್ಯವಾಗಿ ಇಡಿಐಡಿ. ಪ್ರತಿಯೊಂದು ಮಾನಿಟರ್ ಮತ್ತು ಟಿವಿಯೊಳಗೆ ತನ್ನ ಪರಿಚಯಪತ್ರದಂತಹ ಒಂದು ಸಣ್ಣ ಕಡತವಿರುತ್ತದೆ. ಅದರ ಮೂಲ ಭಾಗ 128 ಬೈಟ್‌ಗಳಷ್ಟೇ. ತಾನು ಯಾವ ಕಂಪನಿಯದು, ಯಾವ ಯಾವ ರೆಸಲ್ಯೂಷನ್ ತೋರಿಸಬಲ್ಲೆ ಎಂಬುದನ್ನೆಲ್ಲ ಅದು ಕಂಪ್ಯೂಟರಿಗೆ ತಿಳಿಸುತ್ತದೆ, ಕಂಪ್ಯೂಟರ್ ಅದಕ್ಕೆ ತಕ್ಕ ಚಿತ್ರ ಕಳಿಸುತ್ತದೆ. ನಡುವೆ ಸ್ಪ್ಲಿಟರ್ ಬಂದಾಗ ಪರಿಚಯಪತ್ರಗಳು ಎರಡಾಗುತ್ತವೆ, ಕಂಪ್ಯೂಟರಿಗೆ ತೋರಿಸಬೇಕಾದದ್ದು ಮಾತ್ರ ಒಂದು. ಕೆಲವು ಸ್ಪ್ಲಿಟರುಗಳು ಒಂದನೇ ಔಟ್‌ಪುಟ್‌ನಲ್ಲಿರುವ ಟಿವಿಯದನ್ನೇ ಮುಂದಿಡುತ್ತವೆ, ಇನ್ನು ಕೆಲವು ಎಲ್ಲ ಟಿವಿಗಳಿಗೂ ಒಪ್ಪುವ ಕನಿಷ್ಠವನ್ನು ಆರಿಸುತ್ತವೆ, ಸ್ವಲ್ಪ ಬೆಲೆಯುಳ್ಳವುಗಳಲ್ಲಿ ಇದನ್ನು ನಾವೇ ನಿಗದಿಪಡಿಸಲು ಪುಟ್ಟ ಸ್ವಿಚ್‌ಗಳ ಸಾಲು ಇರುತ್ತದೆ.

ಗಂಜ್‌ನ ಅಂಗಡಿಯಲ್ಲಿ ಎದುರಾದ ಎರಡನೆಯ ಸಮಸ್ಯೆ ಇದೇ ಆಗಿತ್ತು. ವಾರದ ಬಳಿಕ ಹೊರಗಿನ ಟಿವಿ ಬದಲಾಯಿಸಿ, ಮನೆಯಲ್ಲಿದ್ದ ಹಳೆಯದೊಂದನ್ನು ತಂದು ಹಾಕಿದರು. ಆ ಹಳೆಯ ಟಿವಿಯ ಪರದೆ 1366×768, ಅದು ಒಪ್ಪಿಕೊಂಡದ್ದು 1280×720 ಚಿತ್ರ. ಸ್ಪ್ಲಿಟರ್ ಕನಿಷ್ಠಕ್ಕೆ ಇಳಿಯಿತು. ಅದರಿಂದ ಒಳಗಿನ ಫುಲ್ ಎಚ್‌ಡಿ ಟಿವಿಯೂ 1280×720 ಚಿತ್ರವನ್ನು ಹಿಗ್ಗಿಸಿ ತೋರಿಸತೊಡಗಿತು. ದೂರದಿಂದ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಸಣ್ಣ ಅಕ್ಷರದ ಪಟ್ಟಿಯಲ್ಲಿ 8 ಮತ್ತು 3 ಒಂದೇ ತರಹ ಕಾಣುತ್ತಿದ್ದವು, ಕ್ವಿಂಟಲ್‌ಗೆ 7,330 ಎಂದಿದ್ದ ದರವನ್ನು ಒಬ್ಬರು 7,380 ಎಂದು ಓದಿ ಐವತ್ತು ರೂಪಾಯಿಗಾಗಿ ಜೋರು ಮಾತೂ ನಡೆಯಿತು. ಸ್ಪ್ಲಿಟರಿನ ಪಕ್ಕದ ಪುಟ್ಟ ಸ್ವಿಚ್ಚನ್ನು 1080ಕ್ಕೆ ಸರಿಸಿದರೆ ಹಳೆಯ ಟಿವಿ ಬೆಂಬಲವಿಲ್ಲವೆಂದು ಕಪ್ಪಾಯಿತು. ಎರಡು ಟಿವಿಗಳೂ ಒಂದೇ ರೆಸಲ್ಯೂಷನ್‌ನವು ಆಗಿರಲಿ ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ. ಕೊನೆಗೆ ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿ, ಪಟ್ಟಿಯ ಕಾಲಂಗಳನ್ನು ಅರ್ಧಕ್ಕೆ ಇಳಿಸಿ, ಅಂದಿನ ಕೆಲಸ ಸಾಗಿಸಿದೆವು.

ಚಿತ್ರದ ಅಂಚುಗಳು ಟಿವಿಯ ಆಚೆ ಕತ್ತರಿಸಿಹೋಗಿ ಟಾಸ್ಕ್‌ಬಾರ್ ಕಾಣದಿದ್ದರೆ ದೋಷ ಸ್ಪ್ಲಿಟರಿನದಲ್ಲ. ಟಿವಿಗಳು ಹಳೆಯ ಅಭ್ಯಾಸದಿಂದ ಚಿತ್ರವನ್ನು ಕೊಂಚ ಹಿಗ್ಗಿಸಿ ತೋರಿಸುತ್ತವೆ. ಟಿವಿಯ ಚಿತ್ರದ ಸೆಟ್ಟಿಂಗ್‌ನಲ್ಲಿ ಸ್ಕ್ರೀನ್ ಫಿಟ್, ಜಸ್ಟ್ ಸ್ಕ್ಯಾನ್ ಎಂಬಂತಹ ಹೆಸರಿನ ಆಯ್ಕೆ ಇರುತ್ತದೆ, ಅಥವಾ ಆ ಎಚ್‌ಡಿಎಂಐ ಇನ್‌ಪುಟ್‌ಗೆ ಪಿಸಿ ಎಂದು ಹೆಸರಿಟ್ಟರೂ ಸರಿಹೋಗುತ್ತದೆ. ಧ್ವನಿಯೂ ಎಚ್‌ಡಿಎಂಐ ಮೂಲಕವೇ ಎರಡೂ ಟಿವಿಗಳಿಗೆ ಹೋಗುವುದರಿಂದ ಸೂಚನೆಯ ಗಂಟೆ ಎರಡು ಕಡೆ ಪ್ರತಿಧ್ವನಿಸಬಹುದು. ಒಂದರ ಧ್ವನಿಯನ್ನು ರಿಮೋಟ್‌ನಿಂದ ಮುಚ್ಚಿದರಾಯಿತು.

ಕಂಪ್ಯೂಟರಿನ ಕೆಲಸವೆಲ್ಲ ಸರಿಯಾಗಿ ಕಾಣುತ್ತಿದ್ದು, ಯಾವುದೋ ಸಿನಿಮಾ ಆ್ಯಪ್ ತೆರೆದಾಗ ಮಾತ್ರ ಪರದೆ ಕಪ್ಪಾದರೆ ಅದು ಎಚ್‌ಡಿಸಿಪಿ ಎಂಬ ನಕಲು ತಡೆ ವ್ಯವಸ್ಥೆಯ ಕೆಲಸ. ಸ್ಪ್ಲಿಟರ್ ಮತ್ತು ಅದಕ್ಕೆ ಸೇರಿಸಿದ ಟಿವಿಗಳೆಲ್ಲವೂ ಅದನ್ನು ಬೆಂಬಲಿಸಬೇಕು. ಒಂದು ಹಿಂದೆ ಬಿದ್ದರೂ ಎಲ್ಲದರಲ್ಲೂ ಚಿತ್ರ ನಿಲ್ಲಬಹುದು. ಪೂರ್ತಿಯಾಗಿ ನೋ ಸಿಗ್ನಲ್ ಎಂದು ಬಂದರೆ ಮಾತ್ರ ಒಂದೊಂದನ್ನೇ ಕಳಚಿ ನೋಡಬೇಕು: ಕಂಪ್ಯೂಟರಿನಿಂದ ಟಿವಿಗೆ ಸ್ಪ್ಲಿಟರ್ ಇಲ್ಲದೆ ನೇರ ಕೇಬಲ್ ಹಾಕಿ ಚಿತ್ರ ಬಂದರೆ ಆ ಕೇಬಲ್ ಒಳ್ಳೆಯದು, ಆ ಪೋರ್ಟ್‌ಗಳೂ ಒಳ್ಳೆಯವು. ಅದೇ ಕೇಬಲನ್ನು ಇಟ್ಟುಕೊಂಡು ಸ್ಪ್ಲಿಟರ್ ಸೇರಿಸಿ, ಔಟ್‌ಪುಟ್‌ಗಳನ್ನು ಅದಲುಬದಲು ಮಾಡಿ ನೋಡಿದರೆ ತಪ್ಪಿತಸ್ಥ ಐದು ನಿಮಿಷದಲ್ಲಿ ಸಿಗುತ್ತಾನೆ. ಎರಡು ವಸ್ತುಗಳನ್ನು ಒಟ್ಟಿಗೆ ಬದಲಾಯಿಸಿದಿರೋ, ಏನು ಕೆಟ್ಟಿತ್ತು ಎಂಬುದು ಎಂದಿಗೂ ತಿಳಿಯುವುದಿಲ್ಲ.

ಮೂರು ಪರದೆಗಳಲ್ಲೂ ಮೂರು ಬೇರೆ ಚಿತ್ರ ಬೇಕೆನ್ನುವವರು ಸ್ಪ್ಲಿಟರನ್ನು ಬಿಟ್ಟು ಮೂರು ಔಟ್‌ಪುಟ್‌ಗಳಿರುವ ಮದರ್‌ಬೋರ್ಡ್ ಅಥವಾ ಗ್ರಾಫಿಕ್ಸ್ ಕಾರ್ಡ್ ಹುಡುಕಬೇಕು. ಲ್ಯಾಪ್‌ಟಾಪಿನಲ್ಲಿ ಒಂದೇ ಎಚ್‌ಡಿಎಂಐ ಇದ್ದರೆ ಯುಎಸ್‌ಬಿಯಿಂದ ಚಿತ್ರ ತೆಗೆಯುವ ಡಿಸ್‌ಪ್ಲೇಲಿಂಕ್ ಅಡಾಪ್ಟರುಗಳಿವೆ, ಅವಕ್ಕೆ ಡ್ರೈವರ್ ಹಾಕಬೇಕು. ಲೆಕ್ಕಪತ್ರಕ್ಕೆ ಸಾಕು, ಆಟಗಳಿಗೆ ಸಲ್ಲದು. ಎಚ್‌ಡಿಎಂಐನಂತೆಯೇ ಚಿತ್ರ ಸಾಗಿಸುವ ಡಿಸ್‌ಪ್ಲೇಪೋರ್ಟ್‌ನ 1.2 ಅಥವಾ ನಂತರದ ಆವೃತ್ತಿ ಇರುವ ವಿಂಡೋಸ್ ಯಂತ್ರಗಳಿಗೆ ಎಂಎಸ್‌ಟಿ ಹಬ್ ಎಂಬ ಡಬ್ಬಿ ಒಂದೇ ಪೋರ್ಟಿನಿಂದ ಎರಡು ಮೂರು ಪ್ರತ್ಯೇಕ ಚಿತ್ರಗಳನ್ನು ಕೊಡುತ್ತದೆ. ನೋಡಲು ಸ್ಪ್ಲಿಟರಿನಂತೆಯೇ ಇದ್ದರೂ ಕೆಲಸ ಬೇರೆ. ಮ್ಯಾಕ್ ಕಂಪ್ಯೂಟರುಗಳಲ್ಲಿ ಆ ಹಬ್‌ನಿಂದಲೂ ಒಂದೇ ಚಿತ್ರದ ನಕಲು ಮಾತ್ರ ಬರುತ್ತದೆ.

ಇನ್ನು ನಮ್ಮ ಊರಿನ ಬಿಸಿಲು, ಧೂಳು. ಬೇಸಿಗೆಯಲ್ಲಿ ರಾಯಚೂರಿನ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸದಲ್ಲ, ಸ್ಪ್ಲಿಟರ್ ತಾನೂ ಬಿಸಿಯಾಗುವ ಯಂತ್ರ. ಅದನ್ನು ಪಡುವಣ ಗೋಡೆಯ ಟಿವಿಯ ಬೆನ್ನಿಗೆ ಅಂಟಿಸುವುದಾಗಲಿ, ಕಡತಗಳ ರಾಶಿಯ ಕೆಳಗೆ ತುರುಕುವುದಾಗಲಿ ಕೂಡದು. ಲೋಹದ ಕವಚದ ಸ್ಪ್ಲಿಟರನ್ನು ಮೇಜಿನ ಬದಿಗೆ ಗಾಳಿಯಾಡುವಂತೆ ಕೂರಿಸಬೇಕು. ಹತ್ತಿಯ ವಹಿವಾಟು ನಡೆಯುವ ಕಡೆ ಅರಳೆಯ ಎಳೆಗಳು ಬಳಸದ ಪೋರ್ಟ್‌ಗಳೊಳಗೆ ಸೇರಿಕೊಳ್ಳುತ್ತವೆ. ಖಾಲಿ ಪೋರ್ಟ್‌ಗಳಿಗೆ ರಬ್ಬರ್ ಮುಚ್ಚಳ ಸಿಗುತ್ತದೆ, ಅದಿಲ್ಲದಿದ್ದರೆ ತುಂಡು ಟೇಪೂ ನಡೆಯುತ್ತದೆ.

ಕರೆಂಟ್ ಹೋಗಿ ಬಂದಾಗ ಏನಾಗುತ್ತದೆಂದು ಮೊದಲ ದಿನವೇ ಪರೀಕ್ಷಿಸಿಬಿಡಬೇಕು. ಕಂಪ್ಯೂಟರ್ ಯುಪಿಎಸ್ ಮೇಲೆ ಉಳಿದು ಸ್ಪ್ಲಿಟರ್ ಮಾತ್ರ ಆರಿದರೆ, ವಿಂಡೋಸ್ ಎರಡನೆಯ ಪರದೆ ಮಾಯವಾಯಿತೆಂದು ಭಾವಿಸಿ ದರದ ಕಿಟಕಿಯನ್ನು ಗುಮಾಸ್ತರ ಮಾನಿಟರಿಗೆ ತಂದು ಹಾಕುತ್ತದೆ. ಆದ್ದರಿಂದ ಸ್ಪ್ಲಿಟರಿನ ಅಡಾಪ್ಟರನ್ನೂ ಅದೇ ಯುಪಿಎಸ್‌ಗೆ ಚುಚ್ಚಬೇಕು. ಅದು ಎಳೆಯುವ ವಿದ್ಯುತ್ತು ಲೆಕ್ಕಕ್ಕಿಲ್ಲದಷ್ಟು. ವಿಂಡೋಸ್ 11ರಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್‌ನ ಮಲ್ಟಿಪಲ್ ಡಿಸ್‌ಪ್ಲೇಸ್ ಭಾಗದಲ್ಲಿ ಕಿಟಕಿಗಳ ಸ್ಥಾನವನ್ನು ನೆನಪಿಡುವ ಆಯ್ಕೆಯೂ ಇದೆ, ಅದನ್ನು ಗುರುತು ಹಾಕಿಡುವುದು ಒಳ್ಳೆಯದು. ಹಾಗಿದ್ದೂ ಕಿಟಕಿ ಜಾಗ ಬದಲಿಸಿದರೆ ವಿಂಡೋಸ್ ಕೀ ಮತ್ತು ಶಿಫ್ಟ್ ಎರಡನ್ನೂ ಹಿಡಿದು ಬಲಬಾಣದ ಕೀ ಒತ್ತಿದರೆ ಅದು ಪಕ್ಕದ ಪರದೆಗೆ ಹಾರುತ್ತದೆ. ಟಿವಿಯಲ್ಲಿ ಚಿತ್ರವೇ ಬಾರದಿದ್ದರೆ ಸ್ಪ್ಲಿಟರಿನ ಅಡಾಪ್ಟರ್ ಕಿತ್ತು, ಹತ್ತು ಎಣಿಸಿ, ಮತ್ತೆ ಚುಚ್ಚಬೇಕು. ಗುಮಾಸ್ತರು ಈ ಎರಡು ಸಾಲುಗಳನ್ನು ಹಾಳೆಯ ಮೇಲೆ ಬರೆದು ಮಾನಿಟರಿನ ಕೆಳಗೆ ಅಂಟಿಸಿಕೊಂಡಿದ್ದಾರೆ, ಅದರ ಕೆಳಗೆ ಕೆಂಪು ಶಾಯಿಯಲ್ಲಿ ತಾವೇ ಇನ್ನೊಂದು ಸೇರಿಸಿದ್ದಾರೆ: "ಖಾತೆ ತೆಗೆಯುವ ಮೊದಲು ಟಿವಿ ನೋಡು."